ಕಾರಣ ಬರೆಯದ ಕಾಗದ

"ಒಂದು ಹಳೇ ಕಾಗದ ಇದೆ ಕಣೋ, ಓದಿ ಅದರ ಅರ್ಥ ಹೇಳ್ಬೇಕು. ಬರ್ತೀಯಾ?" ಎಂದು ಗುಬ್ಬಿಯಿಂದ ಅಕ್ಕ ಫೋನಿನಲ್ಲಿ ಕೇಳಿದಾಗ ರೇಣುಕಾಪ್ರಸಾದ ಯಾವ ಕಾಗದ ಎಂದು ಕೇಳಲಿಲ್ಲ. ಕೇಳಬೇಕಿತ್ತು. ಏನೂ ಗೊತ್ತಿಲ್ಲದವನು ಮೊದಲು ಕೇಳುವುದೇ ಅದನ್ನು. "ಬರ್ತೀನಿ ಅಕ್ಕ, ನಾಳೆ ಬೆಳಿಗ್ಗೇನೇ ಬರ್ತೀನಿ" ಎಂದು ಫೋನಿಟ್ಟ ಮೇಲೆ ತನ್ನ ಆತುರ ತನಗೇ ಕೇಳಿಸಿ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಯಾರೂ ಕಳ್ಳ ಅಂದೇ ಇರಲಿಲ್ಲ, ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದ. ಬೆಳಿಗ್ಗೆ ತುಮಕೂರಿನ ಸದಾಶಿವನಗರದ ಮನೆಯಲ್ಲಿ ಹೆಂಡತಿ ಸುಮನಾ ತಟ್ಟೆ ಇಡ್ಲಿ ಮುಂದಿಟ್ಟು, ಚಟ್ನಿ ಬಡಿಸುತ್ತ, ಏನೋ ಸಣ್ಣ ವಿಷಯ ಹೇಳುವವಳ ಹಾಗೆ ಶುರು ಮಾಡಿದಳು: "ಅದು ಆ ರೇಡಿಯೋ ಅರ್ಜಿ ಕಾಗದಾನೇ ಇರ್ಬೇಕು ಕಣ್ರೀ. ಅತ್ತಿಗೆ ಅವಾಗ ಸಂಘದ ಹೆಂಗಸರನ್ನ ಕಟ್ಕೊಂಡು ಗುಬ್ಬೀಲಿ ಪುಟ್ಟದೊಂದು ರೇಡಿಯೋ ಸ್ಟೇಷನ್ ಮಾಡ್ತೀವಿ ಅಂತ ದೆಲ್ಲಿಗೆ ಅರ್ಜಿ ಹಾಕಿದ್ರು. ನಿಮಗೆ ಹೇಳ್ಬಾರದು ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ರು. 'ಅಕ್ಕನ ಕೆಲಸ ಮಾಡ್ಕೊಟ್ಟ ಅಂತ ನಾಳೆ ನನ್ನ ತಮ್ಮನ ಮೇಲೆ ಮಾತು ಬರಬಾರದು. ಅಷ್ಟು ದೊಡ್ಡ ಇಲಾಖೇಲಿ ಅವನಿಗೆ ಗೊತ್ತೇ ಆಗೋದು ಬೇಡ' ಅಂದಿದ್ರು. ಈಗ ರಿಟೈರ್ ಆಗಿದೀರಲ್ಲ, ನನ್ನ ಆಣೆ ತೀರ್ತು ಬಿಡಿ." ಅವನು ಅರ್ಧ ಇಡ್ಲಿಯನ್ನು ಒಂದೇ ತುತ್ತಿಗೆ ಬಾಯಿಗಿಟ್ಟುಕೊಂಡ. ಸುಮನಾ ನೀರಿನ ಲೋಟ ಮುಂದೆ ತಳ್ಳಿದಳು. "ನಿಧಾನ. ಯಾರೂ ಕಿತ್ಕೊಳ್ಳಲ್ಲ" ಎಂದಳು.

ಮೂವತ್ತನಾಲ್ಕು ವರ್ಷ ದೆಹಲಿಯ ಕಚೇರಿಯೊಂದರ ಮೂರನೇ ಮಹಡಿಯಲ್ಲಿ ಅವನು ಮಾಡಿದ್ದು ಬಸ್ಸಿನಲ್ಲಿ ಪಕ್ಕ ಕೂತವರಿಗೆ ವಿವರಿಸಲು ಬರುವಂಥ ಕೆಲಸವಲ್ಲ. ಗಾಳಿಯಲ್ಲಿ ಹೋಗುವ ರೇಡಿಯೋ ತರಂಗಗಳನ್ನು ಹೊಲ ಅಳೆದ ಹಾಗೆ ಪಟ್ಟಿಪಟ್ಟಿಯಾಗಿ ಹಂಚಿದ್ದಾರೆ. ಇಷ್ಟು ಸೇನೆಗೆ, ಇಷ್ಟು ಉಳಿದವರಿಗೆ. ಫೋನ್ ಕಂಪನಿಗಳು ಇನ್ನಷ್ಟು ಬೇಕು ಅನ್ನುತ್ತವೆ, ಸೇನೆ ಒಂದಿಂಚೂ ಬಿಡೆ ಅನ್ನುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ನಡುವೆ ಕೂತು ಯಾವುದು ಯಾರಿಗೆ, ಯಾವ ಷರತ್ತಿಗೆ ಎಂದು ನೀತಿ ಬರೆಯುವವನು ಇವನು. ಎಂಜಿನಿಯರ್ ಎಂದು ಸೇರಿದವನು ಯಂತ್ರ ಮುಟ್ಟಿದ್ದು ಮೊದಲ ಎರಡು ವರ್ಷ, ಆಮೇಲೆಲ್ಲ ಕಾಗದ. ದೇಶದಲ್ಲಿ ಯಾರು ಎಲ್ಲಿ ಕಂಬ ನೆಟ್ಟು ಪ್ರಸಾರ ಮಾಡಬೇಕಿದ್ದರೂ ಕಡತ ಅವನ ಮೇಜಿಗೆ ಬರಬೇಕು, ಅವನು ಸೇನೆಯವರ ಅಭಿಪ್ರಾಯ ತರಿಸಬೇಕು, ಉತ್ತರ ಬರೆಯಬೇಕು. ಇಲ್ಲ ಅನ್ನುವಾಗ ಕಾರಣ ಬರೆಯುವಂತಿಲ್ಲ. ಕಾರಣ ಬರೆದರೆ ಸೇನೆಯ ಕಿವಿ ಎಲ್ಲೆಲ್ಲಿದೆ ಎಂದು ಜಾಣನಾದವನು ಲೆಕ್ಕ ಹಾಕಿಬಿಡುತ್ತಾನೆ. ಹಾಗೆ ಕಾರಣವಿಲ್ಲದೆ ಇಲ್ಲ ಅನ್ನುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಹೊಸದಾಗಿ ಸೇರಿದವರು ಅವನ ಕರಡುಗಳನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳುತ್ತಿದ್ದರು. ಮರ್ಯಾದೆಯ ಮಾತು, ನಯವಾದ ಮಾತು, ಓದಿದವನಿಗೆ ಬೈಯಲು ಕೂಡ ಒಂದು ಪದ ಸಿಗಬಾರದು. ಆ ಚಟ ಮನೆಗೂ ಬಂತು. ಮಗಳು ದೀಪಿಕಾ ಕಾಲೇಜಿನವರ ಜೊತೆ ಟೂರ್ ಹೋಗ್ತೀನಿ ಅಂದಾಗ "ಬೇಡ" ಎಂದಿದ್ದ. "ಯಾಕಪ್ಪಾ?" ಎಂದು ಅವಳು ಬಾಗಿಲಲ್ಲಿ ನಿಂತೇ ಇದ್ದಳು, ಇವನು ಪೇಪರಿನ ಪುಟ ತಿರುಗಿಸಿದ್ದ. ಗುಬ್ಬಿಯ ಬಸ್ಸು ಮಲ್ಲಸಂದ್ರ ದಾಟಿತು. ಟಿಕೆಟ್ಟನ್ನು ಅಷ್ಟು ಹೊತ್ತೂ ಬೆರಳಲ್ಲಿ ಸುರುಳಿ ಮಾಡುತ್ತಿದ್ದನೆಂದು ಆಗ ಗೊತ್ತಾಯಿತು.

ಆ ಕಡತ ಬಂದದ್ದು ಹನ್ನೊಂದು ವರ್ಷದ ಹಿಂದಿನ ಒಂದು ಫೆಬ್ರವರಿಯ ಮಧ್ಯಾಹ್ನ. ಗುಬ್ಬಿ ಎಂಬ ಹೆಸರು ಕಂಡು ಮೊದಲು ಅವನಿಗೆ ಖುಷಿಯೇ ಆಗಿತ್ತು. ಯಾರಪ್ಪಾ ನಮ್ಮ ಕಡೆಯವರು ಎಂದು ನಗುತ್ತಲೇ ಪುಟ ತಿರುಗಿಸಿದ್ದ. ಕೆಳಗೆ ಕನ್ನಡದಲ್ಲಿ ಸಹಿ, ಉಮಾಮಹೇಶ್ವರಿ, ಕೊನೆಯ ಅಕ್ಷರದ ಬಾಲವನ್ನು ಹಾಳೆಯ ಅಂಚಿನವರೆಗೂ ಎಳೆದದ್ದು. ಅಕ್ಕ. ಕೈ ತಾನಾಗಿ ಎದ್ದು ಕೋಣೆಯ ಬಾಗಿಲು ಮುಚ್ಚಿತು. ಹಿಂದಿನ ತಿಂಗಳಷ್ಟೇ ಅವನ ಮೇಲೊಂದು ಮೂಗರ್ಜಿ ಬಂದಿತ್ತು, ಸಹಿಯಿಲ್ಲದ ಒಂದು ಹಾಳೆ, ಈ ಅಧಿಕಾರಿ ತನ್ನ ರಾಜ್ಯದವರಿಗೆ ಬೇಗಬೇಗ ಅನುಮತಿ ಕೊಡಿಸುತ್ತಾನೆ ಎಂದು. ಶುದ್ಧ ಸುಳ್ಳು. ಆದರೂ ಮೇಲಿನವರು ಕರೆಸಿ, ಕುರ್ಚಿ ತೋರಿಸದೆ, ನಿಲ್ಲಿಸಿಕೊಂಡೇ ವಿಚಾರಿಸಿದ್ದರು. ಆ ಹತ್ತು ನಿಮಿಷ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತದ್ದು ಅವನ ಮೈಗೆ ಇವತ್ತಿಗೂ ಗೊತ್ತು. ನಿಯಮವೇನೋ ಸರಳ. ಅರ್ಜಿದಾರರು ನನ್ನ ಅಕ್ಕ, ಇದನ್ನು ಬೇರೆಯವರು ನೋಡಲಿ ಎಂದು ಒಂದು ಸಾಲು ಬರೆದು ಪಕ್ಕದ ಕೋಣೆಗೆ ಕಳಿಸಿದ್ದರೆ ಮುಗಿಯುತ್ತಿತ್ತು. ಬರೆದರೆ ಜನ ಏನನ್ನುತ್ತಾರೆ? ನೋಡಿದಿರಾ, ರಾಜ್ಯದವರಷ್ಟೇ ಅಲ್ಲ, ಒಡಹುಟ್ಟಿದವಳೇ ಸಾಲಲ್ಲಿ ನಿಂತಿದ್ದಾಳೆ ಎನ್ನುತ್ತಾರೆ. ಸೇನೆಯವರ ಟಿಪ್ಪಣಿ ಎರಡೇ ಸಾಲು ಇತ್ತು: ಕಂಬವನ್ನು ಹತ್ತು ಮೀಟರ್ ಇಳಿಸಿದರೆ ನಮ್ಮ ತಕರಾರಿಲ್ಲ. ಅದೇ ವಾರ ಇಂಥದ್ದೇ ಟಿಪ್ಪಣಿಯಿದ್ದ ಯಾವುದೋ ಕರಾವಳಿಯ ಮೀನುಗಾರರ ಸಂಘಕ್ಕೆ, ಕಂಬ ಇಳಿಸಿಕೊಳ್ಳಿ ಎಂದು ಷರತ್ತು ಹಾಕಿ, ಅವನೇ ಅನುಮತಿ ಕೊಡಿಸಿದ್ದ. ಅಕ್ಕನ ಕಡತಕ್ಕೆ, ಕೆಳಗಿನ ಅಧಿಕಾರಿಯ ಸಹಿಯಲ್ಲಿ ಹೋಗಲೆಂದು, ಬರೆದುಕೊಟ್ಟದ್ದು ಮಾತ್ರ ಒಂದೇ ಸಾಲು. ಪರಿಶೀಲಿಸಲಾಗಿ, ಕೋರಿಕೆಯನ್ನು ಒಪ್ಪಲು ಸಾಧ್ಯವಾಗಿಲ್ಲ. ಬರೆದು, ಓದಿ, ಒಂದು ಅಲ್ಪವಿರಾಮವನ್ನು ಸರಿ ಮಾಡಿದ್ದ ಕೂಡ. ಆ ಅಲ್ಪವಿರಾಮ ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆ ಅಸಹ್ಯವಾಗುತ್ತದೆ. ಆ ಭಾನುವಾರ ಅಕ್ಕ ಎಂದಿನಂತೆ ಫೋನ್ ಮಾಡಿ ಹಸು ಕರು ಹಾಕಿದ್ದು, ಭಾವನ ಮಂಡಿನೋವು, ಎಲ್ಲ ಹೇಳಿದಳು. ಅರ್ಜಿಯ ಸುದ್ದಿ ಎತ್ತಲಿಲ್ಲ. ಇವನೂ ಎತ್ತಲಿಲ್ಲ. ಹನ್ನೊಂದು ವರ್ಷದ ಭಾನುವಾರಗಳು ಹಾಗೇ ಕಳೆದಿದ್ದವು.

ಗುಬ್ಬಿಯ ಮನೆಯ ಜಗಲಿಯಲ್ಲಿ ಅಕ್ಕ ಅವರೆಕಾಳು ಹಿತುಕುತ್ತ ಕೂತಿದ್ದಳು, ಎದುರಿಗೆ ಸಂಘದ ಭದ್ರಮ್ಮ. ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು, ನೆನೆದ ಕಾಳಿನ ಸೊಗಡು ಬೀದಿಗೇ ಬರುತ್ತಿತ್ತು. ಭಾವ ಪರಮಶಿವಯ್ಯ ಕೊಬ್ಬರಿ ಮಂಡಿಗೆಂದು ತಿಪಟೂರಿಗೆ ಹೋಗಿದ್ದರು. "ಬಾರೋ, ಸಣ್ಣಗಾಗಿದೀಯ" ಎಂದು ಅಕ್ಕ ಅಂದದ್ದಕ್ಕೆ ಭದ್ರಮ್ಮ, "ಎಲ್ ಸಣ್ಣಗಾಗವ್ರೆ ಬುಡವ್ವ, ಹೊಟ್ಟೆ ನೋಡು" ಎಂದು ನಕ್ಕಳು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ಇವನೂ ಕೂತು ಒಂದು ಹಿಡಿ ಕಾಳು ತೆಗೆದುಕೊಂಡ. ಬೆರಳಿಗೆ ಪಟ್ಟು ಮರೆತುಹೋಗಿತ್ತು. ಬೇಳೆ ಜಾರಿ ಭದ್ರಮ್ಮನ ಸೆರಗಿಗೆ ಹಾರಿತು. ಅವಳು ಅದನ್ನು ಹೆಕ್ಕಿ ಪಾತ್ರೆಗೆ ಹಾಕುತ್ತ, "ದೆಲ್ಲೀಲಿ ಇದನ್ನ ಕಲಿಸ್ನಿಲ್ವಾ ನಿಮ್ಗೆ? ಓದ್ದೋರ ಕತೇನೇ ಇಷ್ಟು. ನಿಮ್ಮಕ್ಕನೂ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಟೀಚರಮ್ಮ, ಒಂದು ಅರ್ಜಿ ನೆಟ್ಟಗೆ ತುಂಬ್ನಿಲ್ಲ ನೋಡಿ. ಕಂಬದ್ ಅಳತೆ ತಪ್ ಬರೆದ್ಲು, ನಮ್ ರೇಡಿಯೋ ಮಣ್ಣಾಯ್ತು" ಎಂದಳು. ಎಷ್ಟೋ ವರ್ಷದಿಂದ ಆಡಿ ಆಡಿ ನುಣುಪಾದ ಮಾತು ಅದು. ಅವಳಿಗೇ ಅದರ ಮೊನೆ ಕಾಣುತ್ತಿರಲಿಲ್ಲ. ಅಕ್ಕ ನಕ್ಕಳು. ನಗುವಾಗ ಅವಳ ಬೆರಳು ಕಾಳಿನ ಮೇಲೆ ಸುಮ್ಮನೆ ನಿಂತಿತ್ತು. "ಪಾಪ, ಚಿಕ್ಕಮಾರಮ್ಮ," ಎಂದು ಭದ್ರಮ್ಮ ಮುಂದುವರಿಸಿದಳು, "ಸೋಬಾನೆ ಹೇಳೋಳು, ರೇಡಿಯೋದಾಗೆ ಬಾಯ್ ಬೊಚ್ಚು ಅಂತ ಗೊತ್ತಾಯ್ತದೆ ಅಂತ ತುಮ್ಕೂರ್ಗೋಗಿ ಹಲ್ ಕಟ್ಟಿಸ್ಕೊಂಡ್ ಬಂದಿದ್ಲು. ಆ ಹಲ್ಲಾಗೆ ಒಂದಿನಾನೂ ಹಾಡ್ನಿಲ್ಲ. ಹೋಗಿ ಮೂರು ವರ್ಷ ಆಯ್ತು." ರೇಣುಕಾಪ್ರಸಾದ ಕಾಳು ಹಿತುಕಿದ. ಹಿತುಕಿದ್ದು ಬೇಳೆಯೋ ಸಿಪ್ಪೆಯೋ ನೋಡದೆ ಒಂದೇ ಪಾತ್ರೆಗೆ ಹಾಕುತ್ತಿದ್ದ. ಅಕ್ಕ ಗಮನಿಸಿ, "ಏಳೋ, ಒಳಗೆ ಬಾ, ನಿನ್ನ ಕರೆಸಿದ್ದು ಇದಕ್ಕಲ್ಲ" ಎಂದು ಎದ್ದಳು.

ಹಿತ್ತಲ ಕಡೆ ರೇಡಿಯೋಗೆಂದು ಮಾಡಿಟ್ಟಿದ್ದ ಚಿಕ್ಕ ಕೋಣೆಗೆ ಕಾಲಿಟ್ಟ ಕೂಡಲೇ ಅವನ ಕಿವಿಗೆ ಏನೋ ಆಯಿತು. ನಾಲ್ಕೂ ಗೋಡೆಗೆ, ಸೂರಿಗೂ, ತೆಂಗಿನ ನಾರಿನ ಚಾಪೆ ಹೊಡೆದಿದ್ದರು. ದನಿ ಗೋಡೆಗೆ ಬಡಿದು ಮರಳಬಾರದೆಂದು ಪೇಟೆಯವರು ಸಾವಿರಾರು ಕೊಟ್ಟು ಮಾಡಿಸುವುದನ್ನು ಈ ಹೆಂಗಸರು ನಾರು ಹೊಸೆದು ತಾವೇ ಮಾಡಿಕೊಂಡಿದ್ದರು. ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ, "ಅಕ್ಕ, ಇದು" ಎಂದು ಅವನು ಆಡಿದ ಮಾತು ಬಾಯಿಯ ಮುಂದೆಯೇ ನಿಂತುಹೋಯಿತು, ಎಲ್ಲೂ ಗುಂಯ್ ಅನ್ನಲಿಲ್ಲ. ಈಗ ಅಲ್ಲಿ ಎರಡು ಚೀಲ ಕೊಬ್ಬರಿ, ಒಂದು ಮುರಿದ ಸೈಕಲ್ಲು. ಅಕ್ಕ ಗೂಡಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ತೆಗೆದು ಮಡಿಕೆ ಬಿಚ್ಚಿದಳು. ಮಡಿಕೆಯ ಗೆರೆಗಳು ಬಿಳಿಚಿ ಹರಿಯುವ ಹಾಗಿದ್ದವು, ಎಷ್ಟು ಸಲ ಬಿಚ್ಚಿರಬೇಕು. ಅವನದೇ ವಾಕ್ಯ. ಅವನದೇ ಅಲ್ಪವಿರಾಮ. ಜೊತೆಗೆ ಅರ್ಜಿಯ ನಕಲು, ಅದರಲ್ಲಿ ಹದಿನಾಲ್ಕನೇ ಕಾಲಮ್ಮಿಗೆ ಕೆಂಪು ಪೆನ್ನಿನಲ್ಲಿ ಅಡಿಗೆರೆ.

"ನೋಡು, ಇದರಲ್ಲಿ ಯಾಕೆ ಇಲ್ಲ ಅಂತ ಬರೆದೇ ಇಲ್ಲ. ನಾನೂ ಎಷ್ಟು ಸಲ ಓದ್ದೆ. ಕಂಬದ ಎತ್ತರ ಮೂವತ್ತು ಮೀಟರ್ ಅಂತ ನಾನೇ ಬರೆದಿದ್ದು. ಅಡಿ ಅಂತ ಬರೀಬೇಕಿತ್ತೋ, ಕಮ್ಮಿ ಬರೀಬೇಕಿತ್ತೋ. ಅರ್ಜಿ ತುಂಬಿದ್ದು ನಾನೊಬ್ಬಳೇ ಕಣೋ, ಉಳಿದವರೆಲ್ಲ ನನ್ನ ನಂಬಿ ಹೆಬ್ಬೆಟ್ಟು ಒತ್ತಿದ್ರು. ಈಗ ಇನ್ನೊಂದು ಸಲ ಹಾಕೋಣ ಅಂತಿದಾರೆ. ನೀನು ಸರ್ವೀಸಲ್ಲಿ ಇರೋವರೆಗೂ ನಿನ್ನ ಕೇಳಬಾರದು ಅಂತ ಇದ್ದೆ. ಈಗ ಕೇಳಬಹುದಲ್ಲ? ಏನು ತಪ್ಪು ಮಾಡಿದ್ದೆ ಹೇಳು, ಈ ಸಲ ಅದೊಂದು ಆಗೋದು ಬೇಡ."

ಅವಳು ನಿಂತಿದ್ದ ರೀತಿಗೆ ಅವನಿಗೆ ಹುಟ್ಟೂರು ಕೊತ್ತಗೆರೆ ಕಂಡುಬಿಟ್ಟಿತು. ಅಪ್ಪನ ಮನೆಯ ಹಿತ್ತಲು, ಅಕ್ಕನಿಗೆ ಹದಿನಾರು, ಇವನಿಗೆ ಎಂಟು. ಹಳೆಯ ರೇಡಿಯೋದ ಏರಿಯಲ್ ತಂತಿಯನ್ನು ಅವಳು ಕೈಯಲ್ಲಿ ಹಿಡಿದು ಮೇಲೆತ್ತಿ ನಿಂತರೆ ಸ್ಟೇಷನ್ ಸ್ಪಷ್ಟ, ಬಿಟ್ಟರೆ ಬರೀ ಗೊರಗೊರ. ಕ್ರಿಕೆಟ್ ಕಾಮೆಂಟರಿಯ ಹುಚ್ಚು ಇವನಿಗೆ. ಅವಳಿಗೆ ಅದರ ಒಂದಕ್ಷರವೂ ತಿಳಿಯದು. ಆದರೂ ಕುಣಿಗಲ್ ಸಂತೆಗೆ ಹೋದ ಅಮ್ಮ ಬರುವವರೆಗೆ ಕೈ ಬದಲಾಯಿಸಿ ಬದಲಾಯಿಸಿ ನಿಂತಿರುತ್ತಿದ್ದಳು. "ಕೈ ನೋವಾಗ್ತಿದೆಯಾ?" ಎಂದು ಕೇಳಬೇಕೆಂದು ಅವನಿಗೆ ಆಗ ಹೊಳೆದದ್ದೇ ಇಲ್ಲ. ಮನುಷ್ಯನ ಮೈ ತಾಗಿದರೆ ತಂತಿಗೆ ಬಲ ಯಾಕೆ ಬರುತ್ತದೆ ಎಂದು ತಲೆಗೆ ಹೊಕ್ಕ ಹುಳವೇ ಅವನನ್ನು ಎಂಜಿನಿಯರಿಂಗಿಗೆ ತಂದದ್ದು, ದೆಹಲಿಗೆ ತಂದದ್ದು, ಆ ಮೂರನೇ ಮಹಡಿಯ ಕುರ್ಚಿಯಲ್ಲಿ ಕೂರಿಸಿದ್ದು. ಈಗ ಅಕ್ಕನೇ ಅವನಿಗೆ ಒಂದು ಸುಳ್ಳನ್ನು ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಕೈಗಿಡುತ್ತಿದ್ದಳು. ಕಂಬದ ಎತ್ತರ. ಪೂರಾ ಸುಳ್ಳೂ ಅಲ್ಲ, ಟಿಪ್ಪಣಿಯಲ್ಲಿ ಕಂಬದ ಮಾತು ಇತ್ತಲ್ಲ. ಹೂಂ ಅಂದರೆ ಸಾಕು, ಹೊಸ ಅರ್ಜಿ ತಾನೇ ಮುಂದೆ ನಿಂತು ತುಂಬಿಸಬಹುದು, ಓಡಾಡಬಹುದು, ಆಗ ರೇಡಿಯೋ ಬರುತ್ತದೆ, ಎಲ್ಲ ಸರಿಹೋಗುತ್ತದೆ.

"ಹೂಂ ಅಕ್ಕ, ಎತ್ತರ ಸ್ವಲ್ಪ ಜಾಸ್ತಿ ಆಗಿತ್ತು ಅನ್ಸುತ್ತೆ" ಎಂದುಬಿಟ್ಟ.

ಅಕ್ಕ ಬೈಯಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ನಿಧಾನಕ್ಕೆ ತಲೆಯಾಡಿಸಿದಳು. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯೊಬ್ಬಳು ನನಗೆ ಮೊದಲೇ ಗೊತ್ತಿತ್ತು ಎಂದು ತಲೆಯಾಡಿಸುವ ಹಾಗೆ. "ನಂಗೊತ್ತಿತ್ತು ಕಣೋ. ನನ್ನಿಂದಾನೇ ಆಗಿದ್ದು. ಭದ್ರಮ್ಮ ಅನ್ನೋದ್ರಲ್ಲಿ ತಪ್ಪಿಲ್ಲ" ಎಂದು ಕಾಗದವನ್ನು ಅದೇ ಮಡಿಕೆಗಳ ಮೇಲೆ ಮಡಿಸತೊಡಗಿದಳು. ಅರವತ್ತೆಂಟು ವರ್ಷದ ಬೆರಳುಗಳು, ಉಗುರಿನ ತುಂಬ ಅವರೆ ಸಿಪ್ಪೆಯ ಹಸಿರು. ಆ ಬೆರಳು ಒಂದೊಂದೇ ಮಡಿಕೆ ಒತ್ತುವುದನ್ನು ರೇಣುಕಾಪ್ರಸಾದ ನೋಡಿದ. ಇಲ್ಲ, ಆಗುವುದಿಲ್ಲ. ಹನ್ನೊಂದು ವರ್ಷ ಸುಮ್ಮನಿದ್ದದ್ದು ಒಂದು ಪಾಪ, ಈಗ ಈ ಮಡಿಕೆ ಮುಗಿಯುವವರೆಗೆ ಸುಮ್ಮನಿದ್ದರೆ ಅದಕ್ಕೆ ಹೆಸರೇ ಇಲ್ಲ.

"ಅಕ್ಕ, ಸುಳ್ಳು ಹೇಳ್ದೆ. ಆ ಕಾಗದ ಬರೆದವನು ನಾನು."

ಅಕ್ಕ ಕೈ ನಿಲ್ಲಿಸಿದಳು.

"ನಿನ್ನ ಅರ್ಜಿ ನನ್ನ ಟೇಬಲ್ಲಿಗೇ ಬಂದಿತ್ತು. ಸಹಿ ನೋಡಿದ ತಕ್ಷಣ ಗೊತ್ತಾಯ್ತು. ಅದಕ್ಕೆ ಮುಂಚೆ ನನ್ನ ಮೇಲೆ ಒಂದು ಮೂಗರ್ಜಿ ಬಂದಿತ್ತು, ತನ್ನ ಕಡೆಯವರಿಗೆ ಮಾಡಿಕೊಡ್ತಾನೆ ಅಂತ. ನಂಗೆ ಭಯ ಆಯ್ತು. ಕಂಬ ಒಂಚೂರು ಇಳಿಸಿ ಅಂತ ಒಂದು ಮಾತು ಬರೆದಿದ್ರೆ ಆಗ್ತಿತ್ತು, ಬೇರೆಯವರಿಗೆಲ್ಲ ಹಾಗೇ ಬರೀತಿದ್ದೆ. ನಿನಗೆ ಬರೀಲಿಲ್ಲ. ನೀನು ನನ್ನ ಅಕ್ಕ ಅಂತಾನೇ ಇಲ್ಲ ಅಂದೆ." ಅವನ ದನಿ ಆ ಚಾಪೆಗಳ ನಡುವೆ ಬೆತ್ತಲೆಯಾಗಿ ಕೇಳಿಸಿತು.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾಳೆಂದು ಕಾಯುತ್ತಿದ್ದ. ಅದಕ್ಕೆ ಉತ್ತರಗಳನ್ನು ವರ್ಷಗಟ್ಟಲೆ ಸಿದ್ಧಮಾಡಿ ಇಟ್ಟುಕೊಂಡಿದ್ದ. ಅವಳು ಕೇಳಿದ್ದು ಬೇರೆ.

"ಹಾಗಾದ್ರೆ ಅರ್ಜಿ ಸರಿ ಇತ್ತಾ?"

"ಸರಿ ಇತ್ತು ಅಕ್ಕ."

"ಹದಿನಾಲ್ಕನೇ ಕಾಲಂ?"

"ಅದೂ ಸರಿ ಇತ್ತು. ಮೀಟರ್ ಅಂತಾನೇ ಬರೀಬೇಕು."

"ಊರಿನ ನಕ್ಷೆ? ಕೈಯಲ್ಲಿ ಬರೆದು ಇಟ್ಟಿದ್ದೆ. ಕೆರೆ ಏರಿ ಒಂಚೂರು ವಾರೆಯಾಗಿತ್ತು."

"ಅಷ್ಟು ಅಚ್ಚುಕಟ್ಟಾದ ಅರ್ಜಿ ಆ ವರ್ಷ ಇನ್ನೊಂದು ಬರಲಿಲ್ಲ. ಒಂದು ಅಕ್ಷರ ತಪ್ಪಿರಲಿಲ್ಲ ಕಣಕ್ಕ."

ಅಕ್ಕ ಕೊಬ್ಬರಿ ಚೀಲದ ಮೇಲೆ ಕುಸಿದು ಕೂತಳು. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅದು ದುಃಖದ ಅಳುವಲ್ಲ ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಲೆಯ ಮೇಲಿನ ಹೊರೆ ಇಳಿಸಿದವರು ಹಾಗೆ ಅಳುತ್ತಾರೆ. ಆಮೇಲೆ ಕಣ್ಣೊರೆಸಿಕೊಂಡು, ಅವನ ಮುಖ ನೋಡದೆ, ಬಾಗಿಲ ಕಡೆ ತಿರುಗಿ, "ಭದ್ರಮ್ಮ, ಒಳಗೆ ಬಾ" ಎಂದು ಕೂಗಿದಳು. ಭದ್ರಮ್ಮ ಕೈ ಒರೆಸುತ್ತ ಬಂದಳು. "ಹೇಳು" ಎಂದಳು ಅಕ್ಕ ತಮ್ಮನಿಗೆ, ತರಗತಿಯಲ್ಲಿ ನಿಲ್ಲಿಸಿ ಕೇಳುವವಳ ಹಾಗೆ. ಅವನು ಹೇಳಿದ. ಎರಡನೇ ಸಲಕ್ಕೆ ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಕೈ ಎಲ್ಲಿಟ್ಟುಕೊಳ್ಳಬೇಕೋ ಈಗಲೂ ತಿಳಿಯಲಿಲ್ಲ. ಭದ್ರಮ್ಮ ತನ್ನನ್ನು ಉಗಿಯುತ್ತಾಳೆ ಎಂದು ನಿಂತಿದ್ದ, ಉಗಿದರೆ ಒಳ್ಳೆಯದಿತ್ತು. ಅವಳು ಇವನತ್ತ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ ನನ್ ನಾಲ್ಗೆ ಬಿದ್ದೋಗ! ಎಷ್ಟ್ ವರ್ಸ ಅಂದೆನವ್ವಾ ನಿನ್ನ. ಜನದ್ ಮುಂದೆಲ್ಲ ಅಂದೆ. ಒಂದಿನಾನಾದ್ರೂ ತಿರುಗ್ಸಿ ಅನ್ಬಾರದಾಗಿತ್ತಾ ನೀನು?" "ನಾನೇ ತಪ್ಪು ಮಾಡಿದೀನಿ ಅಂತ ತಿಳ್ಕೊಂಡಿದ್ನಲ್ಲೇ" ಎಂದಳು ಅಕ್ಕ. ಇಬ್ಬರೂ ಅಳುತ್ತ, ನಡುನಡುವೆ ನಗುತ್ತ, ಚಿಕ್ಕಮಾರಮ್ಮನ ಹಲ್ಲಿನ ಮಾತು ತೆಗೆದು ಮತ್ತೆ ಅಳುತ್ತ ಕೂತರು. ಅವನು ಸೈಕಲ್ಲಿನ ಪಕ್ಕ ನಿಂತೇ ಇದ್ದ. ಅಲ್ಲಿ ಅವನಿಗೆ ಕೆಲಸವಿರಲಿಲ್ಲ, ಕ್ಷಮೆ ಕೊಡಬೇಕೆಂಬುದೂ ಯಾರಿಗೂ ನೆನಪಿಗೆ ಬಂದಂತಿರಲಿಲ್ಲ.

ಊಟಕ್ಕೆ ಮುದ್ದೆ, ಹಿತುಕಿದ ಬೇಳೆ ಸಾರು. ಅಕ್ಕ ಬಡಿಸಿದಳು, ಇನ್ನೊಂದು ಸೌಟು ಬೇಕಾ ಎಂದು ಕೇಳಲಿಲ್ಲ, ಕೇಳದೆಯೇ ಹಾಕಿದಳು. ಹೊಸ ಅರ್ಜಿಯ ಮಾತು ಭದ್ರಮ್ಮನೇ ಎತ್ತಿದಳು. "ನಾವೇ ತುಂಬ್ತೀವಿ ಬುಡಿ. ಅದು ಸರಿ ಇರ್ತದೆ ಅಂತ ಈಗ ಗೊತ್ತಾಯ್ತಲ್ಲ" ಎಂದಳು. ಅವನು ತಲೆ ತಗ್ಗಿಸಿ ಉಂಡ. ಹೊರಟಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಬಂದಳು. ರಸ್ತೆಯಲ್ಲಿ ಎದುರು ಸಿಕ್ಕವರಿಗೆ ಅವಳು "ನಮ್ ತಮ್ಮ" ಎಂದು ಎರಡು ಸಲ ಪರಿಚಯ ಮಾಡಿಕೊಟ್ಟಳು, ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ನೆರಳು ಹುಡುಕಿ ನಿಂತ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕ, ಬೈಯಿ. ಏನಾದ್ರೂ ಅನ್ನು."

"ಬೈಯೋದು ಇದೆ. ಬೈತೀನಿ. ಚಿಕ್ಕಮಾರಮ್ಮನ ಲೆಕ್ಕಕ್ಕೆ ಬೇರೆ ಬೈತೀನಿ. ಇವತ್ತು ಬಾಯಿ ಬರ್ತಿಲ್ಲ." ಆಮೇಲೆ ಅವನ ಅಂಗಿಯ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಲೋ ರೇಣು. ಅವತ್ತು ಒಂದೇ ಒಂದು ಫೋನ್ ಮಾಡಿ, ಅಕ್ಕ, ನನ್ನ ಮೇಲೆ ಮೂಗರ್ಜಿ ಬಂದಿದೆ, ನಂಗೆ ಭಯ ಆಗ್ತಿದೆ, ನೀನು ಅರ್ಜಿ ವಾಪಸ್ ತಗೋ ಅಂದಿದ್ರೆ ನಾನು ತಗೋತಿರಲಿಲ್ವೇನೋ? ಯಾಕೆ ಅಂತಾನೂ ಕೇಳ್ತಿರಲಿಲ್ಲ. ಆ ದೆಲ್ಲೀಲಿ ಒಬ್ಬನೇ ಅದೆಷ್ಟು ಹೆದರಿದ್ಯೋ ನೀನು, ನಂಗೊಂದು ಮಾತು ಹೇಳಬಾರದಾಗಿತ್ತಾ!"

ಅಲ್ಲಿಗೆ ಅವನ ಕಟ್ಟೆಯೊಡೆಯಿತು. ಅರವತ್ತು ದಾಟಿದ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಅವರೆಕಾಯಿಯ ಚೀಲ, ಗುಬ್ಬಿ ಬಸ್ ಸ್ಟ್ಯಾಂಡಿನ ನಡುಹಗಲಲ್ಲಿ ಅಕ್ಕನ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಬಸ್ಸು ಬಂದು ನಿಂತಿತು. "ತುಮಕೂರ್, ತುಮಕೂರ್" ಎಂದು ಕೂಗುತ್ತಿದ್ದ ಕಂಡಕ್ಟರ್ ಇವರಿಬ್ಬರನ್ನೂ ಕಂಡು, ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಪಾಪ ಎಂದುಕೊಂಡು, ದನಿ ತಗ್ಗಿಸಿ, ಸೀಟಿ ಊದದೆ, ಬಸ್ಸಿನ ತಗಡನ್ನು ಎರಡು ಸಲ ಮೆಲ್ಲಗೆ ತಟ್ಟಿ ಹೊರಡಿಸಿಕೊಂಡು ಹೋದ.